ಲಾಹೌಲಿನಲ್ಲಿ ಹೆಪ್ಪುಗಟ್ಟಿದ ಬಾಗಿಲು, ಉಡುಪಿಯಲ್ಲಿ ರಿಪೇರಿ

ಉಡುಪಿಯಲ್ಲಿ ಜನವರಿಯ ಬೆಳಗಿನ ಜಾವದಲ್ಲೂ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಇರುವುದರಿಂದ, ಮಂಜುಗಡ್ಡೆ ಕಟ್ಟಿ ಕಾರಿನ ಬಾಗಿಲು ತೆರೆಯದಂತಾಗುವ ತೊಂದರೆ ಇಲ್ಲಿಯ ಗ್ಯಾರೇಜುಗಳಿಗೆ ಪರಿಚಿತವಲ್ಲ. ಹಾಗಿದ್ದರೂ ಅಂಥದೊಂದು ಕಾರು ಈ ಬಾರಿ ನಮ್ಮ ಮನೆಯ ಶೆಡ್ಡಿಗೆ ಬಂದಿತು. ಮಲ್ಪೆಯಲ್ಲಿರುವ ಅಕ್ಕನ ಮಗ ಗೆಳೆಯರನ್ನು ಕಟ್ಟಿಕೊಂಡು ತನ್ನ ಹಳೆಯ ಹ್ಯಾಚ್‌ಬ್ಯಾಕಿನಲ್ಲಿ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಮನಾಲಿಗೆ ಹೋಗಿ, ಅಲ್ಲಿಂದ ಅಟಲ್ ಸುರಂಗವನ್ನು ದಾಟಿ ಹಿಮಾಚಲ ಪ್ರದೇಶದ ಲಾಹೌಲಿನ ಸಿಸ್ಸು ಎಂಬ ಹಳ್ಳಿಯಲ್ಲಿ ರಾತ್ರಿ ತಂಗಿ ಬಂದಿದ್ದ. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ 9.02 ಕಿಲೋಮೀಟರ್ ಉದ್ದದ ಈ ಸುರಂಗ ಆಗುವುದಕ್ಕೆ ಮುಂಚೆ ಚಳಿಗಾಲದಲ್ಲಿ ರೋಹ್ತಾಂಗ್ ಕಣಿವೆದಾರಿ ಹಿಮದಿಂದ ಮುಚ್ಚಿಹೋಗಿ ಲಾಹೌಲಿಗೆ ಕಾರು ಹೋಗುವ ಮಾತೇ ಇರಲಿಲ್ಲ. ಈಗ ಕರಾವಳಿಯ ಹುಡುಗರೂ ಜನವರಿಯಲ್ಲಿ ಅಲ್ಲಿಗೆ ಹೋಗುತ್ತಾರೆ, ಆದರೆ ಅವರ ಕಾರುಗಳು ಕರಾವಳಿಯ ಕಾರುಗಳಾಗಿಯೇ ಉಳಿದಿರುತ್ತವೆ.

ಕಾರು ಬಂದಾಗ ಇದ್ದ ಸ್ಥಿತಿಯನ್ನು ಮೊದಲು ಬರೆದುಬಿಡುತ್ತೇನೆ. ಮುಂದಿನ ಎಡ ಬಾಗಿಲಿನ ಹೊರ ಹ್ಯಾಂಡಲ್ ಬುಡದಲ್ಲಿಯೇ ತುಂಡಾಗಿತ್ತು; ಅದೇ ಬಾಗಿಲಿನ ಕಿಟಕಿಯ ಸ್ವಿಚ್ ಒತ್ತಿದರೆ ಮೋಟರಿನ ಸದ್ದು ಕೇಳಿಸುತ್ತಿತ್ತೇ ಹೊರತು ಗಾಜು ಕೆಳಗಿಳಿಯುತ್ತಿರಲಿಲ್ಲ. ಹಿಂದಿನ ಎಡ ಬಾಗಿಲು ಮೆಲ್ಲನೆ ಮುಚ್ಚಿದರೆ ಕಚ್ಚುತ್ತಿರಲಿಲ್ಲ, ಬಡಿದು ಮುಚ್ಚಬೇಕಾಗಿತ್ತು. ಸಿಸ್ಸುವಿನಲ್ಲಂತೂ ಅದು ಕಚ್ಚಲೇ ಇಲ್ಲವಾದ್ದರಿಂದ ಮನಾಲಿಯವರೆಗೆ ಅದನ್ನು ಹಗ್ಗ ಬಿಗಿದು ತಂದಿದ್ದರಂತೆ. ಚಾಲಕನ ಬಾಗಿಲಿನಲ್ಲಿ ಕೀಲಿ ಒಳಹೊಕ್ಕರೂ ತಿರುಗುತ್ತಿರಲಿಲ್ಲ. ಬಾಗಿಲಿನ ಚೌಕಟ್ಟಿನ ಸುತ್ತಲೂ ಬರುವ ರಬ್ಬರ್ ಬೀಡಿಂಗು ಎಡಬದಿಯಲ್ಲಿ ಅಲ್ಲಲ್ಲಿ ಹರಿದು ಜೋತಾಡುತ್ತಿತ್ತು. ನಾನು ಹುಡುಗನನ್ನು ಕೇಳಿದಾಗ ಬಂದ ಉತ್ತರ ಇಷ್ಟೇ: "ಮಾವ, ಎಳೆದದ್ದೇ, ಹ್ಯಾಂಡಲ್ ಕೈಗೇ ಬಂತು. ಮತ್ತೆ ಹೋಟೆಲಿನವರ ಹತ್ತಿರ ಕೆಟಲಿನಲ್ಲಿ ಬಿಸಿನೀರು ಕೇಳಿ ಹೊಯ್ದೆವು."

ನಡೆದದ್ದನ್ನು ಅವನ ಮಾತುಗಳಿಂದ ಜೋಡಿಸಿಕೊಂಡರೆ ಹೀಗಾಗುತ್ತದೆ. ಹಗಲಿನಲ್ಲಿ ಅರೆಕರಗಿದ ಹಿಮದ ಕೆಸರಿನ ಮೇಲೆ ಓಡಿಸಿದ್ದರಿಂದ ಬಾಗಿಲುಗಳ ಕೆಳಭಾಗಕ್ಕೆಲ್ಲ ಹಿಮ ಮೆತ್ತಿಕೊಂಡಿತ್ತು, ಮೇಲ್ಛಾವಣಿಯ ಮೇಲೂ ಕೂತಿತ್ತು. ಒಳಗೆ ಹೀಟರ್ ಉರಿಯುತ್ತಿದ್ದುದರಿಂದ ಆ ಹಿಮ ನಿಧಾನವಾಗಿ ಕರಗಿ, ನೀರಾಗಿ, ಬೀಡಿಂಗಿನ ಮೇಲಿನಿಂದಲೂ ಗಾಜಿನ ಬುಡದಿಂದಲೂ ಇಳಿಯಿತು. ಸಂಜೆ ಕಾರು ನಿಲ್ಲಿಸಿ ಬಾಗಿಲು ಹಾಕಿಕೊಂಡು ಹೋದ ಮೇಲೆ ಉಷ್ಣತೆ ಸೊನ್ನೆಯಿಂದ ಬಹಳ ಕೆಳಗಿಳಿದು, ಆ ನೀರು ಇದ್ದಲ್ಲಿಯೇ ಗಟ್ಟಿಯಾಯಿತು. ಬೆಳಗ್ಗೆ ಯಾವ ಬಾಗಿಲೂ ತೆರೆಯಲಿಲ್ಲ. ಎಡಬದಿಯವರು ಜೋರಾಗಿ ಎಳೆದರು. ಹ್ಯಾಂಡಲ್ ಹೋಯಿತು, ಆಮೇಲೆ ಬಾಗಿಲು ಬಂತು, ಬಾಗಿಲಿನೊಂದಿಗೆ ರಬ್ಬರಿನ ಒಂದಷ್ಟು ಭಾಗವೂ ಕಿತ್ತುಬಂತು. ಕೆಟಲಿನ ನೀರು ಹೊಯ್ದದ್ದರಿಂದ ಹೊರಗಿನ ಮಂಜು ಕರಗಿತಾದರೂ, ಅದೇ ನೀರು ಕೀಲಿರಂಧ್ರಕ್ಕೂ ಬಾಗಿಲಿನ ಒಡಲಿಗೂ ಇಳಿದು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹೆಪ್ಪುಗಟ್ಟಿತು. ಆ ನೀರನ್ನು ಮುಂದಿನ ಗಾಜಿನ ಮೇಲೆ ಸುರಿಯಲಿಲ್ಲ ಎಂಬುದೊಂದು ಪುಣ್ಯ. ಅಷ್ಟು ತಣ್ಣಗಾದ ಗಾಜಿನ ಮೇಲೆ ಕುದಿನೀರು ಬಿದ್ದರೆ ಒಂದು ಭಾಗ ಹಿಗ್ಗಿ ಪಕ್ಕದ್ದು ಹಿಗ್ಗದೆ ಸೀಳು ಬಿಡುವ ಸಂಭವ ದೊಡ್ಡದು, ಕಲ್ಲು ತಾಗಿದ ಸಣ್ಣ ಗುರುತು ಮೊದಲೇ ಇದ್ದರಂತೂ ಹೇಳುವುದೇ ಬೇಡ.

ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚುತ್ತದೆ. ಬೀಡಿಂಗಿಗೂ ತಗಡಿಗೂ ನಡುವೆ ಇರುವ ನೀರಿನ ತೆಳುವಾದ ಪದರ ಗಟ್ಟಿಯಾದರೆ ಅದು ಎರಡನ್ನೂ ಹಿಡಿದುಕೊಳ್ಳುತ್ತದೆ. ರಬ್ಬರಿನ ಮೇಲ್ಮೈ ಒಣಗಿ ಒರಟಾಗಿದ್ದಷ್ಟೂ ಹಿಡಿತ ಬಲವಾಗಿರುತ್ತದೆ. ಲಾಕಿನ ಒಳಗಾದರೆ ಹನಿಯಷ್ಟು ನೀರೂ ಸಾಕು, ಏಕೆಂದರೆ ಅಲ್ಲಿಯ ಭಾಗಗಳ ಚಲನೆಯೇ ಕೆಲವು ಮಿಲಿಮೀಟರುಗಳದು. ಇಷ್ಟು ಎಲ್ಲ ಕಾರುಗಳಿಗೂ ಸಮಾನ. ಆದರೆ ಅದೇ ಅಂಗಳದಲ್ಲಿ ನಿಂತಿದ್ದ ಬೇರೆ ಕಾರುಗಳವರು ಬಾಗಿಲನ್ನು ಒಮ್ಮೆ ಒತ್ತಿ, ತೆರೆದು, ಹೊರಟುಹೋದರಂತೆ. ನಮ್ಮ ಕಾರಿಗೆ ಮಾತ್ರ, ಅದರಲ್ಲೂ ಎಡಬದಿಗೆ ಹೆಚ್ಚಾಗಿ, ಹೀಗೇಕಾಯಿತು ಎಂಬ ಪ್ರಶ್ನೆಗೆ ಉತ್ತರ ಬಾಗಿಲು ಬಿಚ್ಚಿದ ಮೇಲೆ ಸಿಕ್ಕಿತು. ಚಳಿ ಲಾಹೌಲಿನದು, ತಡೆ ಮಾತ್ರ ಇಲ್ಲಿಂದಲೇ ಹೊತ್ತುಕೊಂಡು ಹೋದದ್ದು.

ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿದೆ. ಬಳಿಕ ಮುಂದಿನ ಎಡ ಬಾಗಿಲಿನ ಒಳಗಿನ ಪ್ಯಾಡನ್ನು ತೆಗೆಯುವ ಕೆಲಸ. ಇದರ ಸ್ಕ್ರೂಗಳು ಎದ್ದು ಕಾಣುವುದಿಲ್ಲ: ಒಳ ಹ್ಯಾಂಡಲಿನ ಹಿಂದೆ ಸಣ್ಣ ಮುಚ್ಚಳದಡಿಯಲ್ಲಿ ಒಂದು, ಬಾಗಿಲನ್ನು ಎಳೆದುಕೊಳ್ಳುವ ಹಿಡಿಯ ಗುಳಿಯಲ್ಲಿ ಮತ್ತೊಂದು, ಹೀಗೆ ಅಡಗಿರುತ್ತವೆ. ಅವನ್ನು ತೆಗೆದ ಮೇಲೆ ಪ್ಯಾಡು ಅಂಚಿನ ನೈಲಾನ್ ಕ್ಲಿಪ್ಪುಗಳ ಮೇಲೆ ಮಾತ್ರ ನಿಂತಿರುತ್ತದೆ. ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ಕಿನ ಚಪ್ಪಟೆ ಮೀಟುಗೋಲನ್ನು ತೂರಿಸಿ, ಪ್ರತಿ ಕ್ಲಿಪ್ಪಿನ ಹತ್ತಿರವೇ ಮೀಟಬೇಕು. ಸ್ಕ್ರೂಡ್ರೈವರಿನಿಂದ ಮೀಟಿದರೆ ಬಣ್ಣಕ್ಕೆ ಗೀರು ಬೀಳುತ್ತದೆ, ಕ್ಲಿಪ್ಪಿನಿಂದ ದೂರದಲ್ಲಿ ಮೀಟಿದರೆ ಪ್ಯಾಡಿನ ಹಲಗೆಯೇ ಮುರಿಯುತ್ತದೆ. ಹಳೆಯ ಕ್ಲಿಪ್ಪುಗಳು ಎಷ್ಟು ಜಾಗ್ರತೆ ಮಾಡಿದರೂ ಕೆಲವು ತುಂಡಾಗುವುದು ಖಂಡಿತ, ಆದ್ದರಿಂದ ಕೆಲಸ ಶುರುಮಾಡುವ ಮುಂಚೆಯೇ ಅದೇ ಮಾದರಿಯ ಕ್ಲಿಪ್ಪುಗಳನ್ನು ತಂದಿಟ್ಟುಕೊಳ್ಳುವುದು ಒಳ್ಳೆಯದು. ಪ್ಯಾಡನ್ನು ಮೇಲಕ್ಕೆತ್ತಿ ಬಿಡಿಸಿ, ಕಿಟಕಿಯ ಸ್ವಿಚ್ಚಿನ ಕಪ್ಲರ್ ಕಳಚಿದರೆ ಅದರ ಹಿಂದೆ ಪಾಲಿಥೀನ್ ಹಾಳೆ ಕಾಣುತ್ತದೆ.

ಈ ಹಾಳೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮಳೆಯ ನೀರು ಗಾಜಿನ ಬುಡದ ರಬ್ಬರನ್ನು ದಾಟಿ ಬಾಗಿಲಿನ ಒಡಲಿಗೆ ಇಳಿಯುವುದು ದೋಷವಲ್ಲ. ಬಾಗಿಲುಗಳನ್ನು ರೂಪಿಸುವುದೇ ಹಾಗೆ. ಒಳಗಿಳಿದ ನೀರು ತಳದ ರಂಧ್ರಗಳಿಂದ ಹೊರಹೋಗಬೇಕು, ಹೋಗುವ ತನಕ ಅದು ಕಾರಿನ ಒಳಗೆ ಬಾರದಂತೆ ಈ ಹಾಳೆ ತಡೆಯಬೇಕು. ಪ್ಯಾಡು ಬಿಚ್ಚಿದ ಎಷ್ಟೋ ಕಡೆಗಳಲ್ಲಿ ಹಾಳೆಯನ್ನು ಹರಿದು ಬಿಸಾಡಿಬಿಡುತ್ತಾರೆ, ಮುಂದಿನ ಜೂನಿನಲ್ಲಿ ಕಾಲಡಿಯ ಮ್ಯಾಟು ಒದ್ದೆಯಾಗುವುದಕ್ಕೆ ಕಾರಣ ಯಾರಿಗೂ ಹೊಳೆಯುವುದಿಲ್ಲ. ಹಾಳೆಯ ಅಂಚಿನ ಕಪ್ಪು ಅಂಟನ್ನು ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿದರೆ ಅದು ಹರಿಯದೆ ಬಿಟ್ಟುಕೊಡುತ್ತದೆ ಮತ್ತು ಮರಳಿ ಅಂಟಿಸಲಿಕ್ಕೂ ಬರುತ್ತದೆ.

ಹಾಳೆ ಸರಿಸಿ ಟಾರ್ಚ್ ಹಾಕಿ ತಳವನ್ನು ನೋಡಿದಾಗ ಕಂಡದ್ದು ಮುರಕಲ್ಲಿನ ಕೆಂಪು ಮಣ್ಣಿನ ಕೆಸರು, ಅದರೊಳಗೆ ಹೆಣೆದುಕೊಂಡ ಗಾಳಿಮರದ ಸೂಜಿ ಎಲೆಗಳು, ಮೇಲಿನಿಂದ ಉದುರಿದ ತುಕ್ಕಿನ ಚಕ್ಕೆ. ಅಕ್ಕನ ಮನೆಯ ಅಂಗಳದ ಒಂದು ಬದಿಯಲ್ಲಿ ಗಾಳಿಮರಗಳ ಸಾಲಿದ್ದು, ಕಾರಿನ ಎಡಬದಿ ಯಾವಾಗಲೂ ಅವುಗಳಡಿಗೇ ಇರುತ್ತದೆ. ಎಡಬದಿಯೇ ಹೆಚ್ಚು ಹಾಳಾದುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಬಾಗಿಲಿನೊಳಕ್ಕೆ ಎಷ್ಟು ನೀರು ಇಳಿಯಬಹುದು, ಅದರ ಜೊತೆ ಎಷ್ಟು ಧೂಳು ಇಳಿಯಬಹುದು ಎಂದು ಊಹಿಸಿಕೊಳ್ಳಬಹುದು. ಆದರೂ ಮಣ್ಣೊಂದೇ ಇದ್ದಿದ್ದರೆ ರಂಧ್ರಗಳು ಪೂರ್ತಿ ಮುಚ್ಚುತ್ತಿರಲಿಲ್ಲ. ಹಿಂದೊಂದು ಮಳೆಗಾಲಕ್ಕೆ ಮುಂಚೆ ಕಾರಿನ ಅಡಿಭಾಗಕ್ಕೆ ತುಕ್ಕು ನಿರೋಧಕ ಕಪ್ಪು ಲೇಪನವನ್ನು ಮಾಡಿಸಿದ್ದರು. ಅದನ್ನು ಸಿಂಪಡಿಸಿದವರು ಬಾಗಿಲಿನ ತಳದ ರಂಧ್ರಗಳ ಮೇಲೂ ಧಾರಾಳವಾಗಿ ಹೊಡೆದಿದ್ದರು. ತುಕ್ಕು ತಡೆಯಲೆಂದು ಕೊಟ್ಟ ದುಡ್ಡು ಹೀಗೆ ತುಕ್ಕನ್ನು ಸಾಕುವುದಕ್ಕೆ ಖರ್ಚಾಗಿತ್ತು. ಲೇಪನ ಮಾಡಿಸುವವರು ಕಾರನ್ನು ಮರಳಿ ಪಡೆಯುವ ಮುಂಚೆ ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ಬೆರಳಾಡಿಸಿ, ರಂಧ್ರಗಳು ತೆರೆದಿವೆಯೇ ಎಂದು ನೋಡಿಕೊಳ್ಳಬೇಕು.

ರಂಧ್ರ ಬಿಡಿಸಲು ನಾನು ಬಳಸಿದ್ದು ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರದ ತುಂಡು. ತಂತಿಯಾದರೆ ಒಳಗಿನ ಬಣ್ಣವನ್ನು ಕೆರೆದು ಹೊಸ ತುಕ್ಕಿಗೆ ದಾರಿ ಮಾಡಿಕೊಡುತ್ತದೆ, ನೈಲಾನ್ ಹಾಗೆ ಮಾಡುವುದಿಲ್ಲ. ಲೇಪನದ ಪೊರೆ ಒಡೆದ ಕೂಡಲೇ ಕಂದು ನೀರು ಹೊರಬಿತ್ತು, ಅದರ ಹಿಂದೆ ಕೆಸರು. ಒಡಲಿಗೆ ಪೈಪಿನಿಂದ ನೀರು ಬಿಟ್ಟು, ಸ್ವಚ್ಛ ನೀರು ಹೊರಬರುವ ತನಕ ತೊಳೆದೆ. ಹೊರಗಿನ ಗಾಜಿನ ಮೇಲೆ ತಂಬಿಗೆಯಿಂದ ನೀರು ಹೊಯ್ದು, ಅದು ತಡವಿಲ್ಲದೆ ತಳದಿಂದ ಹರಿದುಹೋಗುವುದನ್ನು ನೋಡಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿದೆ. ತಳದ ತಗಡಿನಲ್ಲಿ ತುಕ್ಕು ಹಿಡಿದಿದ್ದರೂ ತೂತು ಬಿದ್ದಿರಲಿಲ್ಲ. ನೆರೆಯ ಟಿಂಕರಿಂಗ್ ಆಚಾರ್ರನ್ನು ಕರೆದು ತೋರಿಸಿದೆ. ಅವರು ಸ್ಕ್ರೂಡ್ರೈವರಿನ ಹಿಂಬದಿಯಿಂದ ತಟ್ಟಿ ಸದ್ದು ಕೇಳಿ, "ಈಗ ಕತ್ತರಿಸುವುದು ಬೇಡ, ತುಕ್ಕು ಉಜ್ಜಿ ಪ್ರೈಮರ್ ಹಾಕಿ, ಸಾಕು" ಎಂದರು. ತಂತಿಯ ಬ್ರಷ್ಷಿನಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲವಿರುವ ತುಕ್ಕು ಪರಿವರ್ತಕವನ್ನು ಹಚ್ಚಿ, ಒಣಗಿದ ಬಳಿಕ ಜಿಂಕ್ ಪ್ರೈಮರ್, ಅದರ ಮೇಲೆ ತೆಳುವಾದ ಮೇಣದ ಲೇಪನ ಕೊಟ್ಟೆ. ಮೇಣ ಹಾಕುವಾಗ ರಂಧ್ರಗಳಿಗೆ ಅದೇ ನೈಲಾನ್ ತುಂಡುಗಳನ್ನು ತುರುಕಿಟ್ಟು, ಆಮೇಲೆ ಎಳೆದು ತೆಗೆದೆ.

ಬಾಗಿಲು ತೆರೆದಿರುವಾಗಲೇ ಕಿಟಕಿಯ ಕೆಲಸವನ್ನೂ ಮುಗಿಸಿದೆ. ಗಾಜು ಮಂಜಿನಿಂದ ರಬ್ಬರಿಗೆ ಅಂಟಿಕೊಂಡಿದ್ದಾಗ ಯಾರೋ ಸ್ವಿಚ್ ಒತ್ತಿ ಹಿಡಿದಿದ್ದರು. ಮೋಟರು ಎಳೆಯಿತು, ಗಾಜು ಬರಲಿಲ್ಲ, ನಡುವೆ ಇದ್ದ ಪ್ಲಾಸ್ಟಿಕ್ ಕೊಂಡಿ ಮುರಿಯಿತು. ಫ್ಯೂಸು ಮೋಟರನ್ನು ಕಾಪಾಡುತ್ತದೆ, ಆ ಕೊಂಡಿಯನ್ನು ಕಾಪಾಡುವವರು ಯಾರೂ ಇಲ್ಲ. ಕೊಂಡಿ ಬಿಡಿಯಾಗಿ ದೊರೆಯದ ಕಾರಣ ಕಿಟಕಿಯ ಮಷೀನನ್ನೇ ಇಡಿಯಾಗಿ ಬದಲಿಸಬೇಕಾಯಿತು. ಗಾಜನ್ನು ಮೇಲೆತ್ತಿ, ಚೌಕಟ್ಟಿನ ಎರಡೂ ಬದಿಗೆ ಬರುವಂತೆ ಅಗಲವಾದ ಟೇಪು ಹಾಕಿ ನಿಲ್ಲಿಸಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದೆ. ಗಾಜು ಜಾರುವ ಅಕ್ಕಪಕ್ಕದ ರಬ್ಬರ್ ಕಾಲುವೆಯೊಳಗೆ ಮರಳು ಸೇರಿಕೊಂಡಿತ್ತು. ಚಪ್ಪಟೆ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಅದನ್ನು ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದೆ.

ಹಿಂದಿನ ಎಡ ಬಾಗಿಲಿನ ಲಾಕು ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟ ಭಾಗ. ಬಾಗಿಲಿನ ಅಂಚಿನಲ್ಲಿ ಕಾಣುವ ಕವಲಿನಂಥ ಕೊಕ್ಕೆ ಚೌಕಟ್ಟಿಗೆ ಬಿಗಿದ ಲೋಹದ ಬಳೆಯಂಥ ಸ್ಟ್ರೈಕರನ್ನು ತಬ್ಬಿ ತಿರುಗುತ್ತದೆ. ತಿರುಗಿದ ಕೊಕ್ಕೆ ಹಿಂದಕ್ಕೆ ಬಾರದಂತೆ ಒಂದು ಸಣ್ಣ ತಡೆಹಲ್ಲು ಸ್ಪ್ರಿಂಗಿನ ಬಲದಿಂದ ಅದರ ಮೇಲೆ ಬೀಳುತ್ತದೆ. ಹ್ಯಾಂಡಲ್ ಎಳೆಯುವುದೆಂದರೆ ಆ ತಡೆಹಲ್ಲನ್ನು ಎತ್ತುವುದು, ಅಷ್ಟೆ. ತಡೆಹಲ್ಲಿನ ಸ್ಪ್ರಿಂಗು ಬಹಳ ಮೆದು. ಅದರ ಸುತ್ತ ಹಳೆಯ ಗ್ರೀಸು ಕಡಲತೀರದ ಮರಳಿನೊಡನೆ ಕಲಸಿ ಗಟ್ಟಿಯಾಗಿದ್ದರೆ ಇಲ್ಲಿಯ ಸೆಕೆಯಲ್ಲೂ ಅದು ನಿಧಾನವಾಗಿ ಬೀಳುತ್ತದೆ. ಹಿಮದ ಊರಿನಲ್ಲಿ ಗ್ರೀಸು ಇನ್ನಷ್ಟು ಬಿಗಿದು, ನಡುವೆ ನೀರೂ ಹೆಪ್ಪುಗಟ್ಟಿದರೆ, ಎತ್ತಿದ ಹಲ್ಲು ಎತ್ತಿದಲ್ಲಿಯೇ ಉಳಿಯುತ್ತದೆ. ಬಾಗಿಲು ತೆರೆಯಿತು, ಮುಚ್ಚಲು ಹೋದರೆ ಕಚ್ಚಲಿಲ್ಲ ಎಂದು ಹುಡುಗರು ಹೇಳಿದ್ದು ಇದನ್ನೇ. ಅಲ್ಲಿ ಹಗ್ಗ ಕಟ್ಟುವುದಕ್ಕೆ ಮುಂಚೆ ಲಾಕಿನೊಳಕ್ಕೆ ಸ್ವಲ್ಪ ಸ್ಪಿರಿಟ್ಟು ಬಿಟ್ಟು ಹ್ಯಾಂಡಲನ್ನು ಆಡಿಸುತ್ತಿದ್ದರೆ ಹಲ್ಲು ಬಹುಶಃ ಬಿದ್ದುಬಿಡುತ್ತಿತ್ತು.

ಲಾಕನ್ನು ಹೊರತೆಗೆದು ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಸೆಂಟರ್ ಲಾಕಿನ ಮೋಟರು ಅದಕ್ಕೆ ಜೋಡಿಸಿಕೊಂಡಿರುವುದರಿಂದ ಆ ಭಾಗವನ್ನು ಮೊದಲೇ ಬೇರ್ಪಡಿಸಿದ್ದೆ. ತೊಳೆದು ಒಣಗಿಸಿದ ಮೇಲೆ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿದರೆ ಟಕ್, ಟಕ್ ಎಂದು ಎರಡು ಹಂತಗಳಲ್ಲಿ ಕಚ್ಚಬೇಕು, ಹ್ಯಾಂಡಲಿನ ಸನ್ನೆಯನ್ನು ಎತ್ತಿದೊಡನೆ ಚಿಮ್ಮಿ ಬಿಡಬೇಕು. ಇದನ್ನು ಬಾಗಿಲಿನಲ್ಲಿಯೇ ಇಟ್ಟು ಪರೀಕ್ಷಿಸುವವರು ಒಂದು ಎಚ್ಚರ ವಹಿಸಬೇಕು: ಕೊಕ್ಕೆ ಕಚ್ಚಿಕೊಂಡ ಸ್ಥಿತಿಯಲ್ಲಿರುವಾಗ ಬಾಗಿಲನ್ನು ಮುಚ್ಚಿದರೆ ಅದು ಸ್ಟ್ರೈಕರಿಗೆ ಹೋಗಿ ಬಡಿಯುತ್ತದೆ, ಲಾಕೂ ಬಣ್ಣವೂ ಹಾಳಾಗುತ್ತವೆ. ಕೊನೆಗೆ ಬಿಳಿ ಲಿಥಿಯಂ ಗ್ರೀಸನ್ನು ತಿರುಗುವ ಜಾಗಗಳಿಗೆ ಮಾತ್ರ, ಒರೆಸಿದಂತೆ ತೆಳುವಾಗಿ ಹಚ್ಚಿದೆ. ಹೆಚ್ಚು ಹಚ್ಚಿದರೆ ಹೆಚ್ಚು ಮರಳು ಹಿಡಿಯುತ್ತದೆ. ಲಾಕಿನಿಂದ ಒಳ ಹ್ಯಾಂಡಲಿಗೆ ಹೋಗುವ ಕೇಬಲ್ಲು ಕವಚದೊಳಗೆ ತುಕ್ಕು ಹಿಡಿದಿತ್ತು, ಅದನ್ನು ಬದಲಿಸಿದೆ.

ಇಲ್ಲಿ ಡಬ್ಲ್ಯೂಡಿ-40ರಂಥ ಸ್ಪ್ರೇಗಳ ವಿಷಯವೂ ಬರುತ್ತದೆ, ಏಕೆಂದರೆ ಬಾಗಿಲು ಬಿಗಿಯಾದರೆ ನಮ್ಮಲ್ಲಿ ಎಲ್ಲರ ಕೈ ಮೊದಲು ಹೋಗುವುದು ಆ ಡಬ್ಬಿಯ ಕಡೆಗೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅದನ್ನು ತಯಾರಿಸಿದ್ದೇ ಲೋಹದ ಮೇಲಿನ ನೀರನ್ನು ಸರಿಸಿ ತುಕ್ಕು ತಡೆಯುವುದಕ್ಕಾಗಿ, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಅದರ ಬಹುಪಾಲು ಆವಿಯಾಗಿ ಹೋಗುವುದರಿಂದ ಗ್ರೀಸಿನ ಜಾಗವನ್ನು ಅದು ತುಂಬಲಾರದು. ಮೊದಲು ಅದನ್ನು ಹೊಡೆದು, ಒರೆಸಿ, ಬಳಿಕ ಸರಿಯಾದ ಗ್ರೀಸು ಹಾಕಿದರೆ ಎರಡಕ್ಕೂ ಅವುಗಳ ಕೆಲಸ ಸಿಕ್ಕಂತಾಗುತ್ತದೆ.

ಚಾಲಕನ ಬಾಗಿಲಿನ ಕೀಲಿರಂಧ್ರದ ಕಥೆ ಬೇರೆಯೇ ಇತ್ತು. ಅಲ್ಲಿ ಮಣ್ಣಿರಲಿಲ್ಲ, ತುಕ್ಕೂ ಹೆಚ್ಚಿರಲಿಲ್ಲ. ಬೂದುಬಣ್ಣದ ಜಿಡ್ಡಿನ ಮುದ್ದೆಯಿತ್ತು. ಮೂಗಿನ ಹತ್ತಿರ ಹಿಡಿದಾಗ ಕಮಟು ಕೊಬ್ಬರಿಯ ವಾಸನೆ. ಕೀಲಿ ಬಿಗಿಯಾದಾಗಲೆಲ್ಲ ಮನೆಯಲ್ಲಿ ತೆಂಗಿನೆಣ್ಣೆಯನ್ನು ಬಿಡುತ್ತಿದ್ದರೆಂದು ವಿಚಾರಿಸಿದಾಗ ತಿಳಿಯಿತು. ಕರಾವಳಿಯ ಮನೆಗಳಲ್ಲಿ ಬಾಗಿಲಿನ ತಿರುಗಣೆಗೂ, ಬೀರುವಿನ ಬೀಗಕ್ಕೂ, ಹೊಲಿಗೆ ಯಂತ್ರಕ್ಕೂ ಅದೇ ಎಣ್ಣೆ ನಡೆಯುತ್ತದೆ, ಇಲ್ಲಿಯ ಹವೆಗೆ ಸದ್ಯಕ್ಕೆ ಕೆಲಸವೂ ಆಗುತ್ತದೆ. ಆದರೆ ತೆಂಗಿನೆಣ್ಣೆ ಗಟ್ಟಿಯಾಗಲು ಮಂಜು ಬೀಳಬೇಕಾಗಿಲ್ಲ, ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಸಾಕು. ಚಳಿಗಾಲದ ಬೆಳಗ್ಗೆ ಬಚ್ಚಲುಮನೆಯ ಬಾಟಲಿಯಲ್ಲಿ ಅದು ಬೆಳ್ಳಗೆ ಹೆಪ್ಪಾಗಿರುವುದನ್ನು ಉಡುಪಿಯವರೆಲ್ಲ ನೋಡಿದ್ದಾರೆ. ಆ ಕೀಲಿರಂಧ್ರ ಲಾಹೌಲನ್ನು ಕಾಣುವ ಬಹಳ ಮೊದಲೇ, ಉತ್ತರ ಭಾರತದ ಬಯಲಿನ ಚಳಿಯಲ್ಲಿಯೇ, ಮೇಣ ತುಂಬಿದ ರಂಧ್ರವಾಗಿಬಿಟ್ಟಿತ್ತು. ರಿಮೋಟಿನಿಂದ ತೆರೆಯುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಸಿಸ್ಸುವಿನಲ್ಲಿ ಕೀಲಿಯೇ ಬೇಕಾದಾಗ ಅದರ ಮೇಲೆ ಕೆಟಲಿನ ನೀರೂ ಸೇರಿತು.

ಬೀಗದ ಸಿಲಿಂಡರಿನೊಳಗಿನ ತೆಳು ಫಲಕಗಳು ಸಣ್ಣ ಸ್ಪ್ರಿಂಗುಗಳ ಮೇಲೆ ಮೇಲೆ ಕೆಳಗೆ ಆಡುತ್ತವೆ. ಯಾವುದೇ ಜಿಡ್ಡು ಅಲ್ಲಿ ಕಾಲಕ್ರಮೇಣ ಧೂಳನ್ನು ಹಿಡಿದು ಅಂಟಾಗುತ್ತದೆ, ತೆಂಗಿನೆಣ್ಣೆ ಬೇಗ ಆಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲನ್ನು ಸಿರಿಂಜಿನಿಂದ ಬಿಟ್ಟು, ಕೀಲಿಯನ್ನು ಹಾಕಿ ತೆಗೆದು ಬಟ್ಟೆಗೆ ಒರೆಸುತ್ತ, ಕೀಲಿ ಸ್ವಚ್ಛವಾಗಿ ಹೊರಬರುವ ತನಕ ಇದನ್ನೇ ಮಾಡಿದೆ. ಒಣಗಿದ ಮೇಲೆ ಗ್ರಾಫೈಟ್ ಪುಡಿಯನ್ನು ಊದಿ ಬಿಟ್ಟೆ. ಅದು ಒಣಪುಡಿ; ಚಳಿಗೆ ಗಟ್ಟಿಯಾಗುವ ಪ್ರಶ್ನೆಯೇ ಇಲ್ಲ. ಎಣ್ಣೆ ಮತ್ತು ಗ್ರಾಫೈಟ್ ಎರಡನ್ನೂ ಸೇರಿಸಬಾರದು, ಸೇರಿಸಿದರೆ ಕಪ್ಪು ಕೆಸರಾಗುತ್ತದೆ. ಅಕ್ಕನಿಗೆ ಈ ವಿಷಯ ಹೇಳಿದಾಗ, "ಅಜ್ಜನ ಕಾಲದಿಂದ ಪೆಟ್ಟಿಗೆಯ ಬೀಗಕ್ಕೆ ಅದೇ ಎಣ್ಣೆ ಬಿಡುವುದಲ್ಲವಾ, ಏನಾಗಿದೆ ಅದಕ್ಕೆ?" ಎಂದು ಕೇಳಿದಳು. ಪೆಟ್ಟಿಗೆಯನ್ನು ಯಾರೂ ಹಿಮಾಲಯಕ್ಕೆ ಹೊತ್ತುಕೊಂಡು ಹೋಗಿಲ್ಲ ಎಂದಷ್ಟೇ ನಾನು ಹೇಳಬಹುದಾಗಿತ್ತು.

ಹ್ಯಾಂಡಲ್ ಬದಲಿಸುವುದು ಸುಲಭದ ಕೆಲಸ. ಬಾಗಿಲಿನ ಅಂಚಿನ ರಬ್ಬರ್ ಬಿರಡೆಯನ್ನು ತೆಗೆದರೆ ಬೋಲ್ಟು ಸಿಗುತ್ತದೆ. ಅದನ್ನು ಸಡಿಲಿಸಿ, ಒಳಗಿನ ಸಲಾಕೆಯ ಕ್ಲಿಪ್ಪನ್ನು ತಿರುಗಿಸಿ ಬಿಡಿಸಿದರೆ ಹಳೆಯದು ಬರುತ್ತದೆ. ಗುಜರಿಯಲ್ಲಿ ಅದೇ ಬಣ್ಣದ್ದು ಸಿಗಬಹುದೆಂದು ಹುಡುಕಿಸಿದೆ, ಸಿಕ್ಕಿದ್ದರ ಬುಡದಲ್ಲಿಯೂ ಕೂದಲೆಳೆಯ ಬಿರುಕಿತ್ತು. ಬಿಸಿಲಿಗೆ ವರ್ಷಗಟ್ಟಲೆ ಒಣಗಿದ ಪ್ಲಾಸ್ಟಿಕ್ಕನ್ನು ನಂಬುವುದಕ್ಕಿಂತ ಹೊಸ ಕಪ್ಪು ಹ್ಯಾಂಡಲನ್ನು ಹಾಕುವುದೇ ಮೇಲೆಂದು ತೀರ್ಮಾನಿಸಿದೆ. ಬಣ್ಣ ಹೊಂದದಿರುವುದು ಹುಡುಗನ ತಲೆನೋವು.

ಇನ್ನು ಬೀಡಿಂಗು. ಹರಿದ ಬೀಡಿಂಗನ್ನು ಸೈಕಲ್ ಟ್ಯೂಬಿನ ಸೊಲ್ಯೂಷನ್ನಿನಿಂದ ಅಂಟಿಸುವವರಿದ್ದಾರೆ. ಅಂಟಿಸಿದ ಜಾಗ ಗಡುಸಾಗಿ ಒತ್ತಿಕೊಳ್ಳದೆ, ಅಲ್ಲಿಂದಲೇ ನೀರು ನುಸುಳುತ್ತದೆ; ಆದ್ದರಿಂದ ಎಡಬದಿಯ ಎರಡಕ್ಕೂ ಹೊಸದನ್ನೇ ತರಿಸಿದೆ. ಹೊಸ ಬೀಡಿಂಗನ್ನು ಕೂರಿಸುವಾಗ ಎಳೆಯಬಾರದು. ಎಳೆದು ಕೂರಿಸಿದರೆ ಮೂಲೆಗಳಲ್ಲಿ ತೆಳ್ಳಗಾಗಿ, ಕೆಲವು ತಿಂಗಳಲ್ಲಿ ಕುಗ್ಗಿ, ಜೋಡಣೆಯಲ್ಲಿ ಸಂದು ಬಿಡುತ್ತದೆ. ಮೂಲೆಗಳನ್ನು ಮೊದಲು ಕೂರಿಸಿ, ಉಳಿದುದನ್ನು ಅಂಗೈಯಿಂದ ತಟ್ಟುತ್ತ ಒಳಗೆ ಸೇರಿಸಿದೆ. ಬಾಗಿಲು ಮುಚ್ಚುವಾಗ ನಡುವೆ ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ ಎಳೆದು ನೋಡಿದರೆ ಒತ್ತು ಎಲ್ಲಿ ಕಡಿಮೆಯೆಂದು ತಿಳಿಯುತ್ತದೆ. ಸುತ್ತಲೂ ಒಂದೇ ಬಿಗಿತದಲ್ಲಿ ಜಾರಬೇಕು.

ಈ ರಬ್ಬರು ಹೆಚ್ಚಿನ ಕಾರುಗಳಲ್ಲಿ ಇಪಿಡಿಎಂ ಎಂಬ ಕೃತಕ ರಬ್ಬರಿನ ಜಾತಿಯದು. ಮೈನಸ್ 40 ಡಿಗ್ರಿಯ ತನಕವೂ ಅದು ಬಾಗುವ ಗುಣವನ್ನು ಉಳಿಸಿಕೊಳ್ಳುತ್ತದೆ. ಪೆಟ್ರೋಲಿಯಂ ಎಣ್ಣೆ ಮತ್ತು ಗ್ರೀಸುಗಳನ್ನು ಮಾತ್ರ ಅದು ಸಹಿಸುವುದಿಲ್ಲ, ಅವುಗಳನ್ನು ಹೀರಿ ಊದಿಕೊಂಡು ಮೆತ್ತಗಾಗುತ್ತದೆ. ಹೀಗಾಗಿ ಅದಕ್ಕೆ ಹಚ್ಚಬೇಕಾದದ್ದು ಸಿಲಿಕೋನ್ ಗ್ರೀಸು. ನಾನು ಹೇಳಿದ್ದನ್ನು ಹುಡುಗ ಅಷ್ಟಾಗಿ ನಂಬಿದಂತೆ ಕಾಣಲಿಲ್ಲವಾದ್ದರಿಂದ, ಹಳೆಯ ಬೀಡಿಂಗಿನಿಂದ ತುಂಡುಗಳನ್ನು ಕತ್ತರಿಸಿ ಒಂದು ಪ್ರಯೋಗ ಮಾಡಿದೆವು. ಒಂದನ್ನು ಹಾಗೆಯೇ ಬಿಟ್ಟು, ಒಂದಕ್ಕೆ ತೆಂಗಿನೆಣ್ಣೆಯನ್ನೂ ಮತ್ತೊಂದಕ್ಕೆ ಸಿಲಿಕೋನ್ ಗ್ರೀಸನ್ನೂ ಹಚ್ಚಿ, ಬಣ್ಣ ಬಳಿದ ತಗಡಿನ ತುಂಡಿನ ಮೇಲೆ ನೀರು ಚಿಮುಕಿಸಿ ಮೂರನ್ನೂ ಒತ್ತಿಟ್ಟು, ಇಡೀ ರಾತ್ರಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇರಿಸಿದೆವು. ಬಂಗುಡೆಯ ಪಕ್ಕದಲ್ಲಿ ಕಾರಿನ ರಬ್ಬರು ಇಟ್ಟುದಕ್ಕಾಗಿ ಮನೆಯಲ್ಲಿ ಕೇಳಿಸಿಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಬೆಳಗ್ಗೆ ತೆಗೆದಾಗ ಬರಿಯ ರಬ್ಬರು ತಗಡಿಗೆ ಗಟ್ಟಿಯಾಗಿ ಹಿಡಿದು, ಎಳೆದಾಗ ಅದರ ಮೇಲ್ಪದರವೇ ಕಿತ್ತುಬಂತು. ಎಣ್ಣೆಯದು ಗಟ್ಟಿ ಬಿಳಿ ಪದರದೊಂದಿಗೆ ಬಲವಂತದಿಂದ ಬಿಟ್ಟಿತು. ಸಿಲಿಕೋನ್ ಹಚ್ಚಿದ್ದು ಹೆಬ್ಬೆರಳಿನಿಂದ ನೂಕಿದೊಡನೆ ಸರಿಯಿತು, ಮಂಜಿನ ಪದರ ಪೂರ್ತಿ ತಗಡಿನ ಮೇಲೆಯೇ ಉಳಿದಿತ್ತು. ಇದರ ನಂತರ ಹುಡುಗ ತಾನೇ ಬಟ್ಟೆ ಹಿಡಿದು ಎಲ್ಲ ಬಾಗಿಲುಗಳ ಬೀಡಿಂಗನ್ನೂ ಸೋಪುನೀರಿನಿಂದ ತೊಳೆದು, ಒಣಗಿಸಿ, ಗ್ರೀಸು ಹಚ್ಚಿದ. ಬಿಸಿಲಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಕಾರಿನ ಬೀಡಿಂಗು ಬಣ್ಣಕ್ಕೆ ಅಂಟಿ ಪರ್ರೆಂದು ಬಿಡುವ ನಮ್ಮೂರಿನ ತೊಂದರೆಗೂ ಇದೇ ಮದ್ದು. ಹಿಮ ಕಾಣದವರಿಗೂ ಈ ಡಬ್ಬಿ ದಂಡವಲ್ಲ.

ಅವನು ಮುಂದಿನ ಚಳಿಗಾಲದಲ್ಲಿ ಮತ್ತೆ ಹೋಗುವವನೇ. ಆದ್ದರಿಂದ ಅಲ್ಲಿ ಮಾಡಬೇಕಾದದ್ದನ್ನು ಬಾಯಿಪಾಠ ಮಾಡಿಸಿದ್ದೇನೆ. ರಾತ್ರಿ ಕಾರು ನಿಲ್ಲಿಸುವ ಮುಂಚೆ ಹೀಟರನ್ನು ಆರಿಸಿ, ಬಾಗಿಲುಗಳನ್ನು ತೆರೆದಿಟ್ಟು ಒಳಗಿನ ಬಿಸಿಯನ್ನೂ ತೇವವನ್ನೂ ಹೊರಗೆ ಬಿಟ್ಟು, ಬೀಡಿಂಗನ್ನೂ ಚೌಕಟ್ಟನ್ನೂ ಒಣಬಟ್ಟೆಯಿಂದ ಒರೆಸಿಯೇ ಮುಚ್ಚಬೇಕು. ಹ್ಯಾಂಡ್‌ಬ್ರೇಕನ್ನು ಎಳೆದಿಟ್ಟರೆ ಅದೂ ಹೆಪ್ಪುಗಟ್ಟಿ ಬಿಡದಿರಬಹುದಾದ್ದರಿಂದ, ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವುದು ಕ್ಷೇಮ. ಬೆಳಗ್ಗೆ ಬಾಗಿಲು ಬಾರದಿದ್ದರೆ ಮೊದಲು ಎಳೆಯಬಾರದು, ಒತ್ತಬೇಕು: ಭುಜ ಅಥವಾ ಸೊಂಟ ಕೊಟ್ಟು ಬಾಗಿಲಿನ ಅಂಚುಗಳನ್ನು ಸುತ್ತಲೂ ಒಳಕ್ಕೆ ಒತ್ತಿದರೆ ಬೀಡಿಂಗು ಕುಗ್ಗಿ ಮಂಜಿನ ಪದರ ಪುಡಿಯಾಗುತ್ತದೆ. ಒಂದು ಬಾಗಿಲು ಹಟ ಮಾಡಿದರೆ ಉಳಿದವನ್ನೂ ಡಿಕ್ಕಿಯನ್ನೂ ನೋಡಬೇಕು. ಯಾವುದಾದರೊಂದರಿಂದ ಒಳಹೊಕ್ಕು ಇಂಜಿನ್ ಚಾಲೂ ಮಾಡಿ ಹೀಟರ್ ಹಾಕಿದರೆ ಉಳಿದದ್ದು ತಾನಾಗಿ ಬಿಡುತ್ತದೆ. ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಪಾಲಿಗೆ ನೀರು ಒಂದು ಪಾಲು ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ಇಟ್ಟುಕೊಂಡರೆ ಸಂದುಗಳಿಗೆ ಹೊಡೆಯಲು ಬರುತ್ತದೆ, ಆದರೆ ಆ ಬಾಟಲಿಯನ್ನು ಕಾರಿನಲ್ಲೇ ಬಿಟ್ಟು ಬೀಗ ಹಾಕಿಕೊಂಡು ಹೋಗಬಾರದು. ಅದೂ ಇಲ್ಲದಿದ್ದರೆ ಕೈಗೆ ಹಚ್ಚುವ ಸ್ಯಾನಿಟೈಸರನ್ನು ಕೀಲಿಗೆ ಸವರಿ ರಂಧ್ರಕ್ಕೆ ಹಾಕಬಹುದು. ಲೈಟರಿನಿಂದ ಕೀಲಿಯನ್ನು ಕಾಯಿಸುವ ಉಪಾಯ ಬರಿಯ ಲೋಹದ ಹಳೆಯ ಕೀಲಿಗಳಿಗೆ ಮಾತ್ರ. ಈಗಿನ ಕೀಲಿಗಳ ಪ್ಲಾಸ್ಟಿಕ್ ತಲೆಯೊಳಗಿನ ಎಲೆಕ್ಟ್ರಾನಿಕ್ ಚಿಪ್ ಕೆಟ್ಟರೆ ಬಾಗಿಲು ತೆರೆದರೂ ಇಂಜಿನ್ ಚಾಲೂ ಆಗುವುದಿಲ್ಲ.

ಎಲ್ಲವನ್ನೂ ಜೋಡಿಸಿದ ಮೇಲೆ ನಾಲ್ಕೂ ಬಾಗಿಲುಗಳ ಮೇಲೆ ಪೈಪಿನಿಂದ ನೀರು ಬಿಟ್ಟು, ಒಳಗೆ ಕುಳಿತು ನೋಡಿದೆವು. ಎಡಬದಿಯ ಎರಡರ ತಳದಿಂದಲೂ ನೀರು ಸರಾಗವಾಗಿ ಹೋಗುತ್ತಿದೆ. ಬಲಬದಿಯ ರಂಧ್ರಗಳನ್ನು ಹೊರಗಿನಿಂದ ಮಾತ್ರ ಬಿಡಿಸಿದ್ದೇನೆ. ಅವುಗಳ ಪ್ಯಾಡು ಬಿಚ್ಚಿ ಒಳಗಿನ ತುಕ್ಕನ್ನು ನೋಡುವ ಕೆಲಸ ಮೇ ತಿಂಗಳ ಒಳಗೆ, ಮಳೆ ಹಿಡಿಯುವ ಮುಂಚೆ ಆಗಬೇಕು. ಹಿಂದಿನ ಎಡ ಬಾಗಿಲಿನ ಪ್ಯಾಡಿಗೆ ಒಂದು ಕ್ಲಿಪ್ಪು ಕಡಿಮೆ ಬಿದ್ದಿದೆ, ಆ ಅಳತೆಯದು ಉಡುಪಿಯ ಅಂಗಡಿಗಳಲ್ಲಿ ಸಿಗಲಿಲ್ಲ. ಮಂಗಳೂರಿಗೆ ಹೋಗುವವರ ಕೈಯಲ್ಲಿ ಹಳೆಯ ತುಂಡನ್ನು ಮಾದರಿಗೆ ಕೊಟ್ಟು ಕಳಿಸಿದ್ದೇನೆ. ಅದು ಬರುವ ತನಕ ಆ ಮೂಲೆ ಹೊಂಡದ ರಸ್ತೆಯಲ್ಲಿ ಸ್ವಲ್ಪ ಸದ್ದು ಮಾಡುತ್ತದೆ.